ಎರಡನೇ ಮಗ್ಗುಲಿನ ಕೊನೆಯ ನಾಲ್ಕು ನಿಮಿಷ

ನಿಶಿವಾಕಿಯ ಶವಪೆಟ್ಟಿಗೆಯೊಳಗೆ ಬಿಳಿ ಸೇವಂತಿಗೆ ಇಡುತ್ತಿದ್ದ ಕುರೊಸೆಯ ಕೈ, ಮಿತ್ಸುಯೊ ಆಡಿದ ಮಾತಿಗೆ ಅಲ್ಲೇ ನಿಂತಿತು. ಮುಚ್ಚಳ ಹಾಕುವ ಮೊದಲು ಗಂಡನ ರೆಕಾರ್ಡಿನ ಕೊನೆಯ ಹಾಡು ಹಾಕಿಸುತ್ತೇನೆ, ಅದರ ಕಡೇ ನಾಲ್ಕು ನಿಮಿಷ ಅವರದೇ, ಎಲ್ಲರೂ ಕೇಳಬೇಕು ಎಂದು ಆಕೆ ನೆಂಟರಿಗೆ ಹೇಳುತ್ತಿದ್ದಳು. ಆ ಗದ್ದಲಕ್ಕೆ ತಮ್ಮ ಎದ್ದು ಕೂತಾನು ಎಂದು ಸತ್ತವನ ಅಕ್ಕ ಗೊಣಗಿದಳು.

ಆ ನಾಲ್ಕು ನಿಮಿಷದಲ್ಲಿ ನಿಶಿವಾಕಿಯ ಆರ್ಗನ್ ಎಲ್ಲಿಂದ ಬರಬೇಕು? ಅಲ್ಲಿರುವುದು ಕುರೊಸೆಯ ಗಿಟಾರ್ ಮಾತ್ರ. ಹಾಡು ಒಟ್ಟು ಹನ್ನೊಂದು ನಿಮಿಷ. ಆಕೆಗೆ ನಿಜ ಹೇಳಲು ಅವನಿಗಿದ್ದದ್ದು ಏಳೇ ನಿಮಿಷ.

*

ಎಪ್ಪತ್ತೈದನೇ ಇಸವಿ, ಒಸಾಕಾದ ಒಂದು ಸ್ಟುಡಿಯೊ. ತಂಡದಲ್ಲಿ ಐದು ಜನ, ರೆಕಾರ್ಡಿನ ಹೆಸರು ‘ಉಪ್ಪಿನ ಗೋಪುರ’. ಕುರೊಸೆಗೆ ಗೋಡೆ ಅದುರುವ ಗಿಟಾರ್ ಬೇಕು. ನಿಶಿವಾಕಿಗೆ ಎಂಬತ್ತು ಜನರ ವಾದ್ಯವೃಂದ ಒಟ್ಟಿಗೆ ಎದ್ದು ನಿಂತ ಹಾಗೆ ಕೇಳಬೇಕು. ಇಬ್ಬರೂ ಹಾವು ಮುಂಗುಸಿ. ರೆಕಾರ್ಡು ಚೆನ್ನಾಗಿ ಬಂದದ್ದೂ ಆ ಜಗಳದಿಂದಲೇ ಅನ್ನಿ.

ಕೊನೆಯ ದಿನ ನಿಶಿವಾಕಿ ಆ ಕಡೇ ನಾಲ್ಕು ನಿಮಿಷದ ತನ್ನ ಪಾಲು ನುಡಿಸಿ ಉದೋನ್ ಶಾವಿಗೆ ತಿನ್ನಲು ಹೋದ. ವಾದ್ಯಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಟೇಪಿನ ಹದಿನಾರೂ ಪಟ್ಟಿ ತುಂಬಿದ್ದವು. ಕುರೊಸೆ ಎಂಜಿನಿಯರನ್ನು ಪುಸಲಾಯಿಸಿ, ಆರ್ಗನ್ ಇದ್ದ ಪಟ್ಟಿಯನ್ನು ಅಳಿಸಿ ಅದರ ಮೇಲೆಯೇ ತನ್ನ ಗಿಟಾರ್ ಹಾಕಿಸಿದ. ನಿಶಿವಾಕಿ ಬಂದಾಗ, ಯಂತ್ರ ಕೈಕೊಟ್ಟು ನಿನ್ನ ಪಾಲು ಹೋಯಿತು, ಬೇರೆ ದಾರಿ ಇರಲಿಲ್ಲ ಎಂದ. ನಿಶಿವಾಕಿ ತಲೆಯಾಡಿಸಿ ಸಿಗರೇಟು ಹಚ್ಚಿದ.

ಮರುವರ್ಷ ತಂಡ ಒಡೆಯಿತು. ನಿಶಿವಾಕಿ ಮಾವನ ಲಾಂಡ್ರಿ ಸೇರಿ ನಲವತ್ತೇಳು ವರ್ಷ ಊರವರ ಅಂಗಿಗೆ ಇಸ್ತ್ರಿ ಹಾಕಿದ. ಉಳಿದ ಮೂವರೂ, ಆ ಎಂಜಿನಿಯರೂ ಒಬ್ಬೊಬ್ಬರಾಗಿ ತೀರಿಕೊಂಡರು.

*

ಹಾಡು ಶುರುವಾಯಿತು. ಡ್ರಮ್ಮಿನ ಮೊದಲ ಪೆಟ್ಟಿಗೆ, ಸೂತ್ರ ಓದಲು ಬಂದಿದ್ದ ಬೌದ್ಧ ಭಿಕ್ಷುಗಳು ಕಣ್ಣರಳಿಸಿದರು. ಕುರೊಸೆ ಮಿತ್ಸುಯೊ ಹತ್ತಿರ ಹೋದರೆ ಯಾರೋ ನಡುವೆ ಬಂದು ಬಗ್ಗಿ ನಮಸ್ಕರಿಸಿದರು, ಇನ್ಯಾರೋ ಆಕೆಯ ಕೈಗೆ ಹೂವಿನ ತಟ್ಟೆ ಕೊಟ್ಟರು. ನಾಲ್ಕು ನಿಮಿಷ ಕಳೆಯಿತು, ಐದಾಯಿತು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತು. ಆರೂವರೆ ನಿಮಿಷಕ್ಕೆ ಅವನು ಸತ್ತವನ ಅಕ್ಕನನ್ನು ಸರಿಸಿಯೇ ಮುಂದೆ ನುಗ್ಗಿದ.

“ಮಿತ್ಸುಯೊ ಅವರೇ, ಮುಂದೆ ಆರ್ಗನ್ ಬರಲ್ಲ. ಅವತ್ತು ಯಂತ್ರ ಕೆಟ್ಟಿರಲಿಲ್ಲ. ನಾನೇ...”

“ಗೊತ್ತು,” ಎಂದಳು ಆಕೆ, ಹೂವಿನಿಂದ ಕಣ್ಣೆತ್ತದೆ. “ಯಂತ್ರ ಕೆಟ್ರೆ ಸದ್ದು ಹೋಗತ್ತೆ, ಅದರ ಜಾಗಕ್ಕೆ ಗಿಟಾರ್ ಬರಲ್ಲ ಅಂತ ಅವರು ನಗ್ತಿದ್ರು.”

ಅಷ್ಟರಲ್ಲಿ ಅವನ ಗಿಟಾರ್ ಮೊರೆಯುತ್ತಾ ಬಂತು. ಅದರಡಿಯಲ್ಲಿ ಮಿತ್ಸುಯೊ ಸಣ್ಣ ದನಿಯಲ್ಲಿ ಇನ್ನೊಂದು ರಾಗ ಗುನುಗತೊಡಗಿದಳು. ನಿಧಾನವಾಗಿ ಮೆಟ್ಟಿಲು ಹತ್ತುವ ರಾಗ. ಕುರೊಸೆಗೆ ಮೊದಲ ಸ್ವರಕ್ಕೇ ಗುರುತು ಸಿಕ್ಕಿತು.

“ಇಸ್ತ್ರಿ ಮಾಡ್ತಾ ದಿನಾ ಇದನ್ನೇ ಗುನುಗೋರು. ಇಲ್ಲೀತನಕ ಬಂದು ನಿಲ್ಲಿಸಿಬಿಡೋರು, ಮುಂದಿಂದು ಮರೆತುಹೋಯ್ತು ಅನ್ನೋರು.” ಈಗ ಆಕೆ ನೆಟ್ಟಗೆ ಅವನನ್ನೇ ನೋಡಿದಳು. “ಅದನ್ನ ಕೇಳಿದವರಲ್ಲಿ ಉಳಿದಿರೋರು ನೀವೊಬ್ರೇ. ಆಮೇಲೆ ಹೇಗೆ ಹೋಗತ್ತೆ?”

ಅವನಿಗೆ ಒಂದೊಂದು ಸ್ವರವೂ ನೆನಪಿತ್ತು. ಅಳಿಸುವ ಮೊದಲು ಎರಡು ಸಲ ಕೇಳಿದ್ದ. ಅಷ್ಟು ಚೆನ್ನಾಗಿತ್ತೆಂದೇ ಅಳಿಸಿದ್ದ.

ಕುರೊಸೆ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದ. ನಿಶಿವಾಕಿಯ ತಣ್ಣನೆಯ ಕಿವಿಯ ಬಳಿ ಬಾಯಿಟ್ಟು, ತಲೆಯ ಮೇಲೆ ಮೊರೆಯುತ್ತಿದ್ದ ತನ್ನದೇ ಗಿಟಾರನ್ನು ಮೀರಿಸಲಾಗದ ಒಡಕು ದನಿಯಲ್ಲಿ ಮುಂದಿನದನ್ನು ಗುನುಗತೊಡಗಿದ. ಮುಚ್ಚಳ ಹಿಡಿದಿದ್ದ ಇಬ್ಬರು ಅವನು ಮುಗಿಸಲೆಂದು ಕಾಯುತ್ತಾ ನಿಂತರು.