ಒಂದು ಚಪ್ಪಲಿ ಜಾಗ

ಕಡೂರಿನಲ್ಲಿ ಕಾರು ಕಲಿತವರಲ್ಲಿ ಅರ್ಧಕ್ಕರ್ಧ ಮಂದಿ ಧನಪಾಲನ ಚಪ್ಪಲಿಗೆ ಹೆದರಿಯೇ ಕಲಿತವರು. ಹೊಡೆಯುತ್ತಿದ್ದನೆಂದಲ್ಲ. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಈ ಮನುಷ್ಯನ ಲೆಕ್ಕದಲ್ಲಿ ಗೇರು ಹಾಕುವುದು, ಎಂಟು ಹೊಡೆಯುವುದು ಇವೆಲ್ಲ ಯಾರು ಬೇಕಾದರೂ ಮಾಡುವ ಕೆಲಸ. ರಸ್ತೆ ಪಕ್ಕಕ್ಕೆ ಕಾರು ನಿಲ್ಲಿಸುವುದೇ ನಿಜವಾದ ವಿದ್ಯೆ. ಶಿಷ್ಯರು ಕಾರು ನಿಲ್ಲಿಸಿದ ಮೇಲೆ ಕೆಳಗಿಳಿದು, ಎಡಗಾಲಿನ ಚಪ್ಪಲಿ ಬಿಚ್ಚಿ, ಮುಂದಿನ ಚಕ್ರಕ್ಕೂ ಫುಟ್‌ಪಾತ್ ಕಲ್ಲಿಗೂ ನಡುವೆ ಅಡ್ಡಲಾಗಿ ಇಡುತ್ತಿದ್ದ. ಚಪ್ಪಲಿ ಹಿಡಿಸದಿದ್ದರೆ ಫೇಲು. ಎರಡು ಹಿಡಿಸುವಷ್ಟು ಜಾಗವಿದ್ದರೂ ಫೇಲು.

"ಎಡಗನ್ನಡಿ ಒಂಚೂರು ಕೆಳಕ್ಕೆ ಮಾಡ್ಕೋ, ಕಲ್ಲು ಕಾಣ್ಬೇಕು. ಓರೆಯಾಗಿ ಬಾ, ಆಮೇಲೆ ನೇರ ಮಾಡು. ಅವಸರ ಬ್ಯಾಡ" ಎನ್ನುವುದು ಅವನ ದಿನನಿತ್ಯದ ಮಂತ್ರ. ಕಲಿತು ಹೋದವರು ಯಾರಾದರೂ ಗೀರು ಬಿದ್ದ ಚಕ್ರದೊಂದಿಗೆ ಎದುರಾದರೆ ಮುಗಿಯಿತು. "ಕಲ್ಲು ಎದ್ಬಂದು ಹೊಡೀತೇನಪ್ಪಾ?" ಎಂದು ನಾಲ್ಕು ಜನರ ಮುಂದೆ ಕೇಳಿಯೇ ಬಿಡುತ್ತಿದ್ದ.

ಹೋದ ವರ್ಷ ಹಳೇ ಕಾರು ಕೊಟ್ಟು ಹೊಸದು ತಂದಾಗ ಬೆಳ್ಳಿಯಂತೆ ಹೊಳೆಯುವ ದುಬಾರಿ ಅಲಾಯ್ ಚಕ್ರ ಹಾಕಿಸಿದ. ಕಲಿಯುವವರ ಗಾಡಿಗೆ ಇಂಥ ಚಕ್ರ ಯಾಕೆ ಎಂದು ಹೆಂಡತಿ ಮಾಯಾ ಕೇಳಿದ್ದಕ್ಕೆ, "ಗೀರು ಬಿದ್ರೆ ತಾನೇ ಚಿಂತೆ" ಎಂದಿದ್ದ. ಜಂಬ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಜಂಬಪಡಲು ಅವನಿಗಿದ್ದದ್ದು ಅದೊಂದೇ. ದೇವನೂರಿನ ಕೇರಿಯಿಂದ ಬಂದು, ಕಂಡವರ ಲಾರಿ ತೊಳೆದು, ಸ್ಟೇರಿಂಗಿಗೆ ಕೈ ಹಾಕಲು ಆರು ವರ್ಷ ಕಾದವನು. ಇಂದು ಊರಿನವರು ಅವನನ್ನು 'ಸಾರ್' ಎನ್ನುತ್ತಾರೆಂದರೆ ಅದು ಚಕ್ರಕ್ಕೂ ಕಲ್ಲಿಗೂ ನಡುವಿನ ಆ ಒಂದು ಚಪ್ಪಲಿ ಜಾಗದಿಂದ. ಅದು ಹೋದರೆ ತಾನು ಮತ್ತೆ ಲಾರಿ ತೊಳೆಯುವವನೇ ಎಂಬ ಭಯ ಅವನನ್ನು ಯಾವತ್ತೂ ಬಿಟ್ಟಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಕಾರು ಒರೆಸುತ್ತಿದ್ದಾಗ ಎಡಗಡೆಯ ಮುಂದಿನ ಚಕ್ರದ ಅಂಚು ಇಲಿ ಕಡಿದ ಕೊಬ್ಬರಿಯಂತೆ ಕಂಡಿತು. ಧನಪಾಲ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹಿಂದಿನ ದಿನ ಪಾಠಕ್ಕೆ ಬಂದಿದ್ದವಳು ಒಬ್ಬಳೇ, ಹಿರೇನಲ್ಲೂರಿನ ವನಜಾಕ್ಷಿ. ಮಹಿಳಾ ಸಂಘದವಳು. ಲೈಸೆನ್ಸ್ ಕೈಗೆ ಬಂದರೆ ಪಂಚಾಯಿತಿಯ ಕಸದ ಗಾಡಿ ಓಡಿಸುವ ಕೆಲಸ ಅವಳಿಗೆ ಸಿಗುವುದಿತ್ತು. ಅವಳು ಬಸ್ಸಿಳಿದು ಬರುತ್ತಿದ್ದಂತೆ ಇವನು ಚಕ್ರ ತೋರಿಸಿದ.

"ನಾನಲ್ಲ ಸಾರ್" ಎಂದಳು ವನಜಾಕ್ಷಿ. "ನಾನಿಳಿದಾಗ ನೀವೇ ಚಪ್ಪಲಿ ಇಟ್ಟು ನೋಡಿದ್ರಿ. ಸರಿಯಾಗಿ ಹಿಡಿಸ್ತಲ್ಲ. ಆಮೇಲೆ ಮನೆಗೆ ತಗೊಂಡೋದೋರು ನೀವೇ."

"ಹಂಗಾದ್ರೆ ಕಲ್ಲು ಎದ್ಬಂದು ಹೊಡೀತಾ? ಕಸದ ಗಾಡಿ ಓಡ್ಸೋಕೆ ಹೊಂಟೋಳಿಗೆ ಈ ಚಕ್ರದ ಬೆಲೆ ಏನ್ ಗೊತ್ತಾಯ್ತದೆ."

ಅವಳು ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಾರನೆಯ ದಿನವೂ ಬರಲಿಲ್ಲ. ಧನಪಾಲನಿಗೆ ಒಳಗೆ ಚುರ್ರೆಂದಿತು. ಕಸ ಎನ್ನುವ ಮಾತನ್ನು ತನ್ನ ಅಪ್ಪ ಅಮ್ಮನ ಮುಖಕ್ಕೆ ಎಷ್ಟು ಜನ ಎಸೆದಿದ್ದರೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದೇ ಮಾತು ತನ್ನ ಬಾಯಿಗೂ ಎಷ್ಟು ಸಲೀಸಾಗಿ ಬಂತೆಂದು ನಾಚಿಕೆಯಾಯಿತು. ಆದರೂ ಫೋನ್ ಮಾಡಿ ಕರೆಯಲಿಲ್ಲ, ದೊಡ್ಡ ಮನುಷ್ಯ.

ಅವಳು ಬರದ ವಾರದಲ್ಲೇ ಎರಡನೇ ಗೀರು ಬಿತ್ತು. ಆಗ ಸ್ಟೇರಿಂಗ್ ಹಿಡಿದಿದ್ದವನು ಅವನೇ. ಕರ್ರೆಂದು ಕಲ್ಲು ಉಜ್ಜಿದ ಸದ್ದಿಗೆ ಅವನ ಹಲ್ಲು ಜುಮ್ಮೆಂದಿತು. ಇಷ್ಟು ಎತ್ತರದ ಕಲ್ಲು ಇಟ್ಟವರ ವಂಶವನ್ನೆಲ್ಲ ಬೈದ. ಮೂರನೆಯದು ಅಜ್ಜಂಪುರದಲ್ಲಿ, ನಾಲ್ಕನೆಯದು ತರೀಕೆರೆಯಲ್ಲಿ. ಅಲ್ಲಿಯ ಕಲ್ಲುಗಳು ತಗ್ಗಾಗಿಯೇ ಇದ್ದವು. ಬೈಯಲು ಯಾರೂ ಸಿಗಲಿಲ್ಲ. ಕಡೂರಿನಲ್ಲಿ ಕೊಂಡರೆ ಗುರುತಿನವರು ಕೇಳುತ್ತಾರೆಂದು ತರೀಕೆರೆಯಲ್ಲೇ ಒಂದು ಡಬ್ಬಿ ಬೆಳ್ಳಿ ಬಣ್ಣ ಕೊಂಡು, ಬೆಳಗಿನ ಜಾವ ಯಾರೂ ಏಳುವ ಮೊದಲು ಗೀರುಗಳ ಮೇಲೆ ಬಳಿಯತೊಡಗಿದ. ಪಕ್ಕದಲ್ಲೇ ಇದ್ದ ಕನ್ನಡಕದ ಅಂಗಡಿಗೂ ಹೋಗಿ ಬಂದಿದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ್ದ. ಕಣ್ಣು ಚೆನ್ನಾಗಿದೆಯೆಂದರು. ಹಾಗಾದರೆ ಕೈ ಸೋಲುತ್ತಿದೆಯೇ? ಐವತ್ತೆರಡಕ್ಕೇ?

ಮನೆಯಲ್ಲೂ ಏನೋ ಸರಿಯಿರಲಿಲ್ಲ. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ಹಾಗೇ ಬಿಟ್ಟು ಏಳುತ್ತಿದ್ದ.

"ನಾನ್ ಮಾಡಿದ್ದು ಸೇರ್ತಿಲ್ವಾ?" ಎಂದಳು ಮಾಯಾ.

"ಪಲ್ಯ ಯಾವಾಗ ಹಾಕ್ದೆ ನೀನು?" ಎಂದ. ಅಣಕಿಸುತ್ತಿದ್ದಾನೆಂದುಕೊಂಡು ಅವಳು ಎರಡು ದಿನ ಮಾತು ಬಿಟ್ಟಳು.

ಟೆಸ್ಟಿಗೆ ನಾಲ್ಕು ದಿನ ಉಳಿದಾಗ ವನಜಾಕ್ಷಿ ತಾನೇ ಬಂದಳು. ಕೂರಲಿಲ್ಲ. "ಸೋಮವಾರ ತರೀಕೆರೇಲಿ ಟೆಸ್ಟು ಸಾರ್. ಸಂಘದೋರೆಲ್ಲ ಕಾಯ್ತಾವ್ರೆ. ಈಗ ನಿಲ್ಸಿ ತೋರಿಸ್ತೀನಿ, ಚಪ್ಪಲಿ ಇಟ್ಟು ನೋಡಿ. ಗೀರಿದ್ದು ನಾನಲ್ಲ ಅಂತ ನಿಮ್ ಬಾಯಲ್ಲೇ ಬರ್ಲಿ."

ಮುಖ್ಯ ರಸ್ತೆಯಲ್ಲಿ ಈರಭದ್ರಪ್ಪನ ಔಷಧಿ ಅಂಗಡಿಯ ಮುಂದೆ ಅವಳು ಕಾರನ್ನು ಓರೆಯಾಗಿ ತಂದು, ನೇರ ಮಾಡಿ, ಮೆತ್ತಗೆ ನಿಲ್ಲಿಸಿದಳು. ಇಳಿದು ಬಂದು ಹಠಕ್ಕೆ ತನ್ನ ಚಪ್ಪಲಿಯನ್ನೇ ಬಿಚ್ಚಿ ಇಟ್ಟಳು. ಧನಪಾಲ ಕಾರಿನ ಹಿಂದೆ ನಿಂತು ಮುಂದಿನ ಚಕ್ರವನ್ನೇ ನೋಡಿದ.

"ಎಲ್ಲಿಟ್ಟಿದ್ದೀಯ?"

"ಚಕ್ರದ ಪಕ್ಕದಲ್ಲೇ ಸಾರ್."

"ಏನಿಲ್ಲ ಅಲ್ಲಿ. ನನ್ ಜೊತೆ ತಮಾಷೆನಾ?"

ವನಜಾಕ್ಷಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳ ಸಿಟ್ಟು ಎಲ್ಲಿ ಹೋಯಿತೋ. ಚಪ್ಪಲಿ ಎತ್ತಿಕೊಂಡು ಬಂದು ಅವನೆದುರಿಗೆ ನಿಂತಳು. "ನನ್ ಮೂಗನ್ನೇ ನೋಡ್ತಾ ಇರಿ ಸಾರ್. ಕಣ್ಣಾಡಿಸ್ಬ್ಯಾಡಿ. ನಮ್ಮತ್ತೆಗೆ ಲಕ್ವ ಹೊಡೆದಾಗ ಹಿಂಗೇ ಆಗಿತ್ತು" ಎಂದು ಚಪ್ಪಲಿ ಹಿಡಿದ ಬಲಗೈಯನ್ನು ಪಕ್ಕಕ್ಕೆ ಚಾಚಿದಳು. "ಕಾಣ್ತದಾ?"

"ಏನು?"

"ಈಗ?"

"ಇಲ್ಲ."

ಕೈ ನಿಧಾನವಾಗಿ ಹತ್ತಿರ ಬಂತು. ಅವನಿಗೆ ಕೈಯೂ ಕಾಣಲಿಲ್ಲ. ಕತ್ತಲೂ ಇರಲಿಲ್ಲ. ಅಲ್ಲಿ ಏನೋ ಇರಬೇಕಿತ್ತು ಎಂದು ಸಹ ಅನ್ನಿಸಲಿಲ್ಲ. ಚಪ್ಪಲಿ ತನ್ನ ಮೂಗಿನ ನೇರಕ್ಕೆ ಬಂದಾಗ ಮಾತ್ರ ಗಾಳಿಯಿಂದ ಹುಟ್ಟಿದಂತೆ ಎದುರಿಗೆ ನಿಂತಿತು. ತಿಂಗಳ ಹಿಂದೆ ಶಿವನಿಯ ರೈಲ್ವೆ ಗೇಟಿನ ಹತ್ತಿರ ತಲೆ ಸಿಡಿದು, ಮಾತ್ರೆ ನುಂಗಿ ಮರೆತದ್ದು ಆಗ ನೆನಪಾಯಿತು.

ನಡುರಸ್ತೆಯಲ್ಲಿ ಹೆಂಗಸೊಬ್ಬಳು ಗಂಡಸಿನ ಮುಖಕ್ಕೆ ಚಪ್ಪಲಿ ಹಿಡಿದರೆ ಊರು ಸುಮ್ಮನಿರುತ್ತದೆಯೇ? ನಾಲ್ಕಾರು ಜನ ಕೂಡಿದರು. ಈರಭದ್ರಪ್ಪ ಅಂಗಡಿಯಿಂದ ಇಳಿದು ಬಂದ. "ಯಾಕಮ್ಮಾ, ಏನ್ ಮಾಡ್ದ ಇವ್ನು?"

ವನಜಾಕ್ಷಿಯ ಕೈ ಅಲ್ಲೇ ಉಳಿಯಿತು. ಅವಳು ಧನಪಾಲನನ್ನು ನೋಡಿದಳು. ನನಗೆ ಎಡಗಡೆ ಕಾಣುತ್ತಿಲ್ಲ ಎಂದು ಅವನು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದರ ಜೊತೆ ಇಪ್ಪತ್ತಾರು ವರ್ಷವೂ ಮುಗಿಯುತ್ತಿತ್ತು.

"ತಪ್ಪು ನಂದೇ" ಎಂದ ಧನಪಾಲ. "ಈಯಮ್ಮಂಗೆ ಆಡಬಾರದ ಮಾತಾಡಿದ್ದೆ."

ಹೇಳಿದ್ದು ಸುಳ್ಳಲ್ಲ. ಆದರೆ ಜನ ಅದನ್ನು ಹೇಗೆ ತಿಳಿದುಕೊಂಡರೆಂದು ಅವನಿಗೆ ಗೊತ್ತಿತ್ತು, ತಿಳಿದುಕೊಳ್ಳಲಿ ಎಂದೇ ಬಿಟ್ಟ. ಯಾರೋ ಕ್ಯಾಕರಿಸಿ ಉಗಿದರು. ಕಣ್ಣಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವನು ಎನ್ನಿಸಿಕೊಳ್ಳುವುದೇ ವಾಸಿ ಎಂದು ಆ ಹೊತ್ತಿನಲ್ಲಿ ಅವನಿಗೆ ಅನ್ನಿಸಿತು. ಪಾಪ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದುಕೊಂಡಿದ್ದ.

ರಾತ್ರಿ ಅವನ ಬಾಯಿಂದಲೇ ನಿಜ ಕೇಳಿದ ಮಾಯಾ ಮಾರನೆಯ ದಿನ ಅವನನ್ನು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ತಲೆಯ ಸ್ಕ್ಯಾನ್ ನೋಡಿ ಡಾಕ್ಟರು ಸುತ್ತಿ ಬಳಸದೆ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಮಿದುಳಿನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು ಎಡಗಡೆಯನ್ನು ನೋಡುವ ಭಾಗ ಸತ್ತಿದೆ. ಇಷ್ಟು ದಿನವಾದ ಮೇಲೆ ವಾಪಸ್ ಬರುವುದು ಕಷ್ಟ. ಗಾಡಿ ಓಡಿಸುವಂತಿಲ್ಲ.

"ಪಕ್ಕದಲ್ಲಿ ಕೂತು ಕಲಿಸ್ಬೋದಾ ಸಾರ್?" ಎಂದು ಧನಪಾಲ ಕೇಳಿದ. ಇಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಮಾಯಾ ಕೇಳಿಯೇ ಇರಲಿಲ್ಲ.

"ಎಡಗಡೆಯಿಂದ ಒಂದು ಮಗು ಅಡ್ಡ ಬಂದರೆ ನಿಮಗೆ ಕಾಣುತ್ತಾ?" ಎಂದರು ಡಾಕ್ಟರು.

ಸೋಮವಾರ ವನಜಾಕ್ಷಿಯ ಪಕ್ಕ, ಅವನ ಸೀಟಿನಲ್ಲಿ ಪರಮೇಶ್ ಕೂತ. ಅಜ್ಜಂಪುರದಲ್ಲಿ ಈಗ ಸ್ವಂತ ಡ್ರೈವಿಂಗ್ ಸ್ಕೂಲ್ ಇಟ್ಟವನು, ಒಂದು ಕಾಲದಲ್ಲಿ ಇವನ ಚಪ್ಪಲಿಗೇ ಹೆದರಿದವನು. ಧನಪಾಲ ಕೈಕಟ್ಟಿ ಹಿಂದೆ ಕೂತು ತರೀಕೆರೆಗೆ ಹೋದ. ದಾರಿಯ ಎಡಬದಿಯಲ್ಲಿ ಏನೇನಿದೆ ಎಂಬುದನ್ನು ನೆನಪಿನಿಂದ ತುಂಬಿಸಿಕೊಳ್ಳುತ್ತಿದ್ದ. ವನಜಾಕ್ಷಿ ಪಾಸಾದಳು. ವಾಪಸ್ ಬರುವಾಗ ಪರಮೇಶ್ ಬಸ್ ಸ್ಟ್ಯಾಂಡಿನಲ್ಲಿ ಇಳಿದುಕೊಂಡ. ಇಳಿಯುವಾಗ ಒಂದು ಗಳಿಗೆ ಇವನ ಕೈ ಹಿಡಿದು ಬಿಟ್ಟ.

ಮನೆಯ ಮುಂದೆ ವನಜಾಕ್ಷಿ ಕಾರು ನಿಲ್ಲಿಸಿದಳು. ಧನಪಾಲ ಇಳಿದು, ಕಲ್ಲನ್ನು ತಡವುತ್ತಾ ಮುಂದಿನ ಚಕ್ರದ ಹತ್ತಿರ ಬಂದ. ಚಪ್ಪಲಿ ಬಿಚ್ಚಿ ಬರಿಗಾಲನ್ನೇ ನಡುವೆ ಇಟ್ಟ. ಹಿಮ್ಮಡಿಗೆ ಕಲ್ಲು ತಾಗಿತು, ಹೆಬ್ಬೆರಳಿಗೆ ರಬ್ಬರು.

"ಸರಿಯಾಗಿದೆ ಕಣಮ್ಮ" ಎಂದ. "ಆ ಗೀರೆಲ್ಲ ನಂದೇ. ಯಾವ ಕಲ್ಲೂ ಎದ್ಬಂದಿರ್ಲಿಲ್ಲ."

"ಬಿಡಿ ಸಾರ್" ಎಂದಳು ವನಜಾಕ್ಷಿ. ಕೀ ಅವನ ಬಲ ಅಂಗೈಯಲ್ಲಿಟ್ಟಳು, ಕಾಣಲಿ ಎಂದು. ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟಳು.

ಧನಪಾಲ ಫುಟ್‌ಪಾತ್ ಕಲ್ಲಿನ ಮೇಲೆ ಕೂತ. ಬೆಳ್ಳಿ ಬಣ್ಣ ಬಳಿದ ಚಕ್ರ ಎದುರಿಗಿತ್ತು. ಅದನ್ನು ನೋಡುತ್ತ ನೋಡುತ್ತ ಅಳು ಬಂತು. ಯಾರೂ ಇಲ್ಲವೆಂದು ಗಟ್ಟಿಯಾಗಿಯೇ ಅತ್ತ. ಎಷ್ಟೋ ಹೊತ್ತಾದ ಮೇಲೆ ಮೂಗೊರೆಸಿಕೊಂಡು ಮನೆಯ ಕಡೆ ಕೂಗಿದ. "ಮಾಯಾ, ಬಾರೇ ಇಲ್ಲಿ. ಈ ಕೀ ಒಳಗಿಡು."

"ಇಲ್ಲೇ ಇದೀನಿ ಕಣ್ರೀ" ಎಂದಿತು ಮಗ್ಗುಲಲ್ಲೇ ಒಂದು ದನಿ.

ಅವನು ಕತ್ತು ಎಡಕ್ಕೆ ತಿರುಗಿಸಿದ. ಇನ್ನೂ ತಿರುಗಿಸಿದ. ಆಗ ಮಾಯಾ ಕಂಡಳು. ಅದೇ ಕಲ್ಲಿನ ಮೇಲೆ, ಅವನಿಂದ ಒಂದು ಚಪ್ಪಲಿ ಜಾಗ ಬಿಟ್ಟು ಕೂತಿದ್ದಳು.

"ಎಷ್ಟೊತ್ತಾಯ್ತು ನೀ ಬಂದು?"

"ನೀವು ಕೂತಾಗಿಂದ" ಎಂದಳು.