ಗ್ಲೇಸ್ ಪೇಪರ್ ಅಂಟಿಸಿದ ಸ್ವಿಚ್ಚು

ಸಾರಕ್ಕಿಯ ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡನ್ನು ನಾನು ಜಗಳವಾಡಿ ಪಡೆದಿದ್ದೆ. ಐದನೇ ತರಗತಿಯ ಮಕ್ಕಳು ಆ ನಲವತ್ತು ನಿಮಿಷ ಪುಸ್ತಕ ಮುಚ್ಚಿಟ್ಟು ತಾವೇ ಏನಾದರೂ ಮಾಡುತ್ತಿದ್ದರು. ಹೆಡ್‌ಮಿಸ್ ಸತ್ಯಭಾಮಾ ಅದನ್ನು ಕಸದ ಪೀರಿಯಡ್ ಎನ್ನುತ್ತಿದ್ದರು. ಸೈನ್ಸ್ ಎಕ್ಸಿಬಿಷನ್‌ನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಮೆಚ್ಚದಿದ್ದರೆ ಅದನ್ನು ಕಾಪಿ ರೈಟಿಂಗ್‌ಗೆ ಕೊಡುವುದಾಗಿ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿದರು.

ಅಲ್ಲಿಯವರೆಗೆ ಎಕ್ಸಿಬಿಷನ್ ಅಂದರೆ ತಾಯಂದಿರು ಜಯನಗರದಿಂದ ಕೊಂಡುತಂದ ಥರ್ಮೋಕೋಲ್ ಜ್ವಾಲಾಮುಖಿ. ೨೦೦೨ರಲ್ಲಿ ನನ್ನ ಮಕ್ಕಳು ಶೂ ಡಬ್ಬದ ರಟ್ಟಿನಲ್ಲಿ ಟಾರ್ಚ್ ಮಾಡಿದರು. ಸ್ವಿಚ್ಚಿಗೆ ಹೇರ್‌ಪಿನ್. ಅದು ಡ್ರಾಯಿಂಗ್ ಪಿನ್ನಿನ ತಲೆಗೆ ತಾಗಿದರೆ ಬಲ್ಬು ಹತ್ತಬೇಕು. ಹತ್ತಲಿಲ್ಲ. ಹೇರ್‌ಪಿನ್ನಿನ ಕಪ್ಪು ಬಣ್ಣವೇ ಕರೆಂಟನ್ನು ತಡೆಯುತ್ತಿದೆ ಎಂದು ಉಮಾಶ್ರೀ ಕಂಡುಕೊಂಡಳು. ಮೆಟ್ಟಿಲಿನ ಕಲ್ಲಿಗೆ ಉಜ್ಜಿ ಬಣ್ಣ ಕಿತ್ತಳು. ನಾನು ಹೇಳಿಕೊಟ್ಟಿರಲಿಲ್ಲ.

ಎಕ್ಸಿಬಿಷನ್ ದಿನ ಬೆಳಿಗ್ಗೆ ಬಂದು ನೋಡಿದರೆ ಟಾರ್ಚ್‌ಗಳೆಲ್ಲ ಗುಲಾಬಿ ಗ್ಲೇಸ್ ಪೇಪರ್ ಹೊದ್ದು ಕೂತಿದ್ದವು. ರಟ್ಟು ಅಸಹ್ಯವಾಗಿ ಕಾಣುತ್ತದೆಂದು ಸತ್ಯಭಾಮಾ ಆಯಾಗೆ ಹೇಳಿ ಮೆತ್ತಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷ ಚಕ್ರಪಾಣಿಯವರು ಒಳಗೆ ಬಂದು ಉಮಾಶ್ರೀಯ ಸ್ವಿಚ್ಚನ್ನು ಒತ್ತಿದರು. ಮತ್ತೊಮ್ಮೆ ಒತ್ತಿದರು.

ಮಕ್ಕಳ ಕೈಲಿ ಇದೆಲ್ಲ ಆಗುವ ಕೆಲಸವಲ್ಲ ಎಂದು ಸತ್ಯಭಾಮಾ ನಕ್ಕರು.

ಉಮಾಶ್ರೀ ನನ್ನನ್ನೇ ನೋಡುತ್ತಿದ್ದಳು. "ಮಿಸ್, ಪಿನ್ ಮೇಲೆ ಪೇಪರ್ ಬಂದಿದೆ. ಕೀಳ್ಲಾ?"

ನಾನೇ ಕೀಳಬಹುದಿತ್ತು. ಆದರೆ ಆ ಹೆಂಗಸಿನ ಮುಖ ಒಂದು ಮಗುವಿನ ಎದುರು ಬಾಡುವುದನ್ನು ನೋಡುವ ಆಸೆ ನನಗೆ. "ಕೀಳು," ಎಂದೆ.

ಬಲ್ಬು ಹತ್ತಿತು. ಅಧ್ಯಕ್ಷರು ಉಮಾಶ್ರೀಯ ತಲೆ ಸವರಿ, ಇಂಥ ಪೀರಿಯಡ್ ಎಲ್ಲ ತರಗತಿಗೂ ಇರಲಿ ಎಂದರು. ನನಗೆ ಹೊಟ್ಟೆ ತಣ್ಣಗಾಯಿತು.

ಸೋಮವಾರ ಹೆಡ್‌ಮಿಸ್ ರೂಮಿನಲ್ಲಿ ಉಮಾಶ್ರೀಯ ತಾಯಿ ಕೆಂಚವ್ವ ನಿಂತಿದ್ದಳು. ಬಾಗಲಕೋಟೆ ಕಡೆಯವಳು, ಬಿಟಿಎಂನ ಆಫೀಸೊಂದರಲ್ಲಿ ಕಸ ಗುಡಿಸುತ್ತಿದ್ದಳು. ಅಂದಿನ ಕೆಲಸ ಬಿಟ್ಟು ಬಂದಿದ್ದಳು. ಮಗಳು ಗಣ್ಯರೆದುರು ಶಾಲೆಯ ಅಲಂಕಾರ ಹರಿದಳಂತೆ, ಟಿ.ಸಿ. ಕೊಡಬೇಕಾಗಬಹುದಂತೆ.

"ಕೀಳು ಅಂದಿದ್ದು ನಾನು ಮೇಡಂ," ಎಂದೆ.

"ಗೊತ್ತು," ಸತ್ಯಭಾಮಾ ಕಣ್ಣೆತ್ತಲಿಲ್ಲ. "ನಿಮ್ಮನ್ನ ಬೈದ್ರೆ ನಿಮಗೆ ಖುಷಿ ಆಗುತ್ತೆ ವಿಮಲಾ. ಅದಕ್ಕೇ ಇವ್ರನ್ನ ಕರೆಸಿದ್ದು."

ಬಿಳಿ ಹಾಳೆಯೊಂದನ್ನು ನನ್ನತ್ತ ತಳ್ಳಿದರು. ಶುಕ್ರವಾರದ ಪೀರಿಯಡ್ಡನ್ನು ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಬರೆಯಬೇಕು. ಅಧ್ಯಕ್ಷರಿಗೆ ತೋರಿಸಲು. ಬರೆದು ಸಹಿ ಹಾಕಿದೆ. ಅಕ್ಷರ ದುಂಡಗೇ ಬಂತು, ಅದೇ ನನಗೆ ಇವತ್ತಿಗೂ ನಾಚಿಕೆ.

ಟಿ.ಸಿ. ಮಾತು ಅಲ್ಲಿಗೆ ನಿಂತಿತು. ಏನು ನಡೆಯಿತೆಂದು ಕೆಂಚವ್ವನಿಗೆ ತಿಳಿಯಲಿಲ್ಲ. ಸತ್ಯಭಾಮಾಗೆ ಎರಡು ಸಲ ಕೈಮುಗಿದಳು. ಹೊರಗೆ ಬಂದು ನನಗೂ ಮುಗಿದಳು.

"ಮನ್ಯಾಗ ಅಕೀನ್ನ ಬಡದೀನ್ರೀ ಮೇಡಂ. ಇನ್ನ ಮ್ಯಾಲೆ ಅಕಿ ಏನೂ ಮುಟ್ಟಂಗಿಲ್ರೀ."