ಹೊಲಿಗೆ ಬೀಳದ ಫ್ರಾಕು

ಮೂಲೆಮನೆ ಯಜಮಾನರ ನಾಯಿ ಯಾರನ್ನೇ ಕಚ್ಚಲಿ, ಹರಿದ ಬಟ್ಟೆಯನ್ನು ಯಜಮಾನರೇ ದರ್ಜಿಯಮ್ಮನ ಅಂಗಡಿಗೆ ತರುತ್ತಿದ್ದರು. ಹೊಲಿಸಿ ಹಿಂದಿರುಗಿಸಿದರೆ ಅಲ್ಲಿಗೆ ಮುಗಿಯಿತು ಎಂದು ಅವರ ನಂಬಿಕೆ. ಅಂಚೆಯವನ ಪ್ಯಾಂಟು, ಪೇಪರಿನವನ ಅಂಗಿತೋಳು, ಎಲ್ಲವನ್ನೂ ಅವಳು ತುಟಿಪಿಟಕ್ಕೆನ್ನದೆ ಹೊಲಿದುಕೊಟ್ಟಿದ್ದಳು.

ಇವತ್ತು ಅವರು ಚೀಲದಿಂದ ತೆಗೆದದ್ದು ಅಂಗೈಯಗಲದ ಫ್ರಾಕು. ಎದುರುಮನೆ ಮಗುವಿನದು, ಮಗು ಇನ್ನೂ ಆಸ್ಪತ್ರೆಯಲ್ಲಿತ್ತು. ಒಗೆದಿದ್ದರೂ ರಕ್ತದ ಕಲೆ ಹೋಗಿರಲಿಲ್ಲ.

“ಗೊತ್ತಾಗದ ಹಾಗೆ ಹೊಲಿದುಬಿಡಮ್ಮ. ನಮ್ಮ ನಾಯಿ ಏನೂ ಮಾಡಲ್ಲ, ಮಗುನೇ ಸುಮ್ಮನೆ ಓಡ್ತು,” ಎಂದರು ಯಜಮಾನರು.

ದರ್ಜಿಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಹೊಲಿದ ತನ್ನ ಮೇಲೂ. ಫ್ರಾಕನ್ನು ಪಕ್ಕಕ್ಕಿಟ್ಟು, ದಪ್ಪ ಕ್ಯಾನ್ವಾಸು ಬಟ್ಟೆಯನ್ನು ಮೇಜಿನ ಮೇಲೆ ರಪ್ಪನೆ ಹಾಸಿದಳು.

“ಇದನ್ನ ಹೊಲಿಯಲ್ಲ. ಹೋಗಿ ನಾಯಿನ ಕಟ್ಟಿ ಎಳ್ಕೊಂಡು ಬನ್ನಿ. ಅದರ ಬಾಯಿಗೆ ಹಾಕೋಕೆ ಒಂದು ಕುಕ್ಕೆ ಹೊಲಿದುಕೊಡ್ತೀನಿ.”

“ಅಯ್ಯೋ ಪಾಪ! ಮೂಕಪ್ರಾಣಿ ಕಣಮ್ಮ, ಅದಕ್ಕೆ ಉಸಿರು ಕಟ್ಟುತ್ತೆ!”

ಅವಳು ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಸರ್ರನೆ ಎಳೆದು, ಯಜಮಾನರ ಮೂಗಿನ ಹತ್ತಿರಕ್ಕೇ ಹಿಡಿದಳು.

“ಹಾಗಾದ್ರೆ ಮೊದಲು ನಿಮ್ಮ ಬಾಯಿ ಅಳತೆ ಕೊಡಿ.”